ಗೇಟಿನೊಳಗೆ ಬಂದ ತೋಳು

ಹೋದ ಗುರುವಾರ ನಮ್ಮ ಕಾರ್ಖಾನೆಯ ಗೇಟಿನೊಳಗೆ ಒಂದು ತೋಳು ಮಾತ್ರ ಬಂತು. ತೋಳಿನ ಒಡತಿ ಹೊರಗೇ ನಿಂತಿದ್ದಳು. ಇದು ನಿಯಮ ಮುರಿದಂತೆಯೋ, ಪಾಲಿಸಿದಂತೆಯೋ? ನನಗಿನ್ನೂ ತಿಳಿದಿಲ್ಲ.

ಮೊದಲಿನಿಂದ ಹೇಳುತ್ತೇನೆ. ಮಚ್ಛೆಯ ಒಂದು ಸಣ್ಣ ಫೌಂಡ್ರಿಯಲ್ಲಿ ನಾನು ಆಫೀಸ್ ಸುಪರಿಂಟೆಂಡೆಂಟ್. (ಅಂದರೆ ಯಾರದೂ ಅಲ್ಲದ ಕೆಲಸವೆಲ್ಲ ನನ್ನದು.) ಅಲ್ಲಿ ತುಕ್ಕು ಕಬ್ಬಿಣ ತರಚದೆ ಯಾರ ದಿನವೂ ಕಳೆಯುವುದಿಲ್ಲ. ಎಲ್ಲ ಕೆಲಸಗಾರರಿಗೂ ಧನುರ್ವಾಯು ಇಂಜೆಕ್ಷನ್ ಕಡ್ಡಾಯ ಎಂದರು ಮಾಲೀಕರು. "ಆದ್ರ ಹೆದರಿಸಬ್ಯಾಡ್ರಿ, ಹುರುಪು ತುಂಬ್ರಿ" ಎಂದು ಅದನ್ನು ನನ್ನ ತಲೆಗೆ ಕಟ್ಟಿದರು.

ಕಡ್ಡಾಯಕ್ಕೆ ಹುರುಪು ತುಂಬುವುದು ಹೇಗೆ? ಅದೂ ಸೂಜಿ ಕಂಡರೆ ಬೆವರುವ ನಾನು?

'ಗಾಯವಾದರೆ ಧನುರ್ವಾಯು ಬಂದೀತು, ದವಡೆ ಕಚ್ಚಿಕೊಂಡೀತು' ಎಂದು ಬೋರ್ಡಿನ ಮೇಲೆ ಬರೆದೆ. ಬರೆದು ನಾನೇ ಹೆದರಿದೆ. ಸಂಜೆಯೆಲ್ಲ ದವಡೆ ಆಡಿಸಿ ನೋಡಿಕೊಂಡೆ.

ಇಂಜೆಕ್ಷನ್ ಶನಿವಾರ ಎಂದಿದ್ದಕ್ಕೆ ಕೆಲಸಗಾರರು ಗಲಾಟೆ ಮಾಡಿದರು. "ಜ್ವರ ಬಂದ್ರ ರವಿವಾರದ ಸೂಟಿ ದಂಡ ಆಗ್ತದಲ್ರೀ!" ಸರಿ, ಗುರುವಾರ ಮಾಡಿದೆ.

"ಇರವಿ ಕಡದಂಗ ಆಗ್ತೈತಿ, ಅಷ್ಟ" ಎಂದು ಧೈರ್ಯ ಹೇಳಿದೆ.

"ನಿಮಗ ಕಡೀತೇನ್ರಿ ಸಾಹೇಬರ?"

"ಎಲ್ಲಾರದೂ ಮುಗೀಲಿ. ಕಡೀಕ ನಂದು" ಎಂದೆ. (ತ್ಯಾಗದಂತೆ ಕೇಳಿಸಿತು. ಹಾಗೇ ಕೇಳಿಸಲಿ ಎಂದೇ ಹೇಳಿದ್ದು.)

ಪಾರಿಶ್ವಾಡದ ಶಿವಪ್ಪ ಮಾತ್ರ ಏನೇ ಹೇಳಿದರೂ ಒಲ್ಲೆ ಎಂದ. ಬುಧವಾರ ಚಹಾದ ಹೊತ್ತಿಗೆ ಅವನನ್ನು ಬಾಜೂಕ್ಕೆ ಕರೆದು ಕೇಳಿದೆ.

"ಯಾಕಪಾ, ಅಂಜಿಕಿ ಏನು?"

"ಅಂಜಿಕಿ ಅಲ್ರಿ. ನನ್ನ ಪಾಲಿಂದು ನನ್ನ ಹೇಣ್ತಿಗಿ ಹಾಕ್ರಿ."

ನನಗೆ ತಲೆಬುಡ ಗೊತ್ತಾಗಲಿಲ್ಲ. ಅವನು ಬೋರ್ಡಿನತ್ತ ಕೈ ತೋರಿಸಿದ.

"ದವಡಿ ಕಚ್ಚತೈತಿ ಅಂತ ಬರದೀರಲ್ರಿ. ಹೋದ ಸಲದ ಕೂಸು ಹಂಗ ಹೋತ್ರಿ. ವಾರ ತುಂಬಿರಲಿಲ್ಲ, ಹಾಲಿಗಿ ಬಾಯಿ ತಗೀಲಿಲ್ಲ. ಗಾಳಿ ಸೋಕೇತಿ ಅಂದ್ರು ಎಲ್ಲಾರೂ. ಈಗ ಮತ್ತ ಬಸರ ಅದಾಳ್ರಿ ಆಕಿ."

"ಸರಕಾರಿ ದವಾಖಾನಿಗೆ..."

"ಅಲ್ಲಿ ಹೋದ್ರ ಮುಂದ ಮಕ್ಕಳಾಗದಂಗ ಆಪರೇಶನ್ ಮಾಡಿ ಕಳಸ್ತಾರಂತ ನಮ್ಮವ್ವ ಬಿಡವಲ್ಲಳ್ರಿ."

ಮಾಲೀಕರ ಬಳಿ ಹೋದೆ. "ಹಾಜರಿ ಮಸ್ಟರ್‌ನ್ಯಾಗ ಆಕಿ ಹೆಸರು ಐತೇನು?" ಎಂದರು. ಇಲ್ಲ ಎಂದೆ. ಬಹಳ ಹೊತ್ತು ಫ್ಯಾನು ನೋಡಿದರು. "ಆತು, ಡಾಕ್ಟರು ಹೂಂ ಅಂದ್ರ ಕೊಡಲಿ. ಆದ್ರ ಕಂಪನಿ ಔಷಧ ಗೇಟ ದಾಟಬಾರದು, ನೋಡ್ರಿ."

ಗುರುವಾರ ಡಾಕ್ಟರು ಗೇಟಿನ ಒಳಬದಿಗೇ ಮೇಜು ಹಾಕಿಸಿಕೊಂಡು ಚುಚ್ಚತೊಡಗಿದ್ದರು. ಶಿವಪ್ಪನ ಹೆಂಡತಿ ಮಲ್ಲವ್ವ ಖಾನಾಪುರದ ಬಸ್ಸಿನಿಂದ ಗೇಟಿನೆದುರು ಇಳಿದಳು. ಮಿಲಿಟರಿಯಿಂದ ಬಂದ ನಮ್ಮ ವಾಚ್‌ಮನ್ ಅಡ್ಡ ನಿಂತ.

"ಹೊರಗಿನವರಿಗೆ ಪರವಾನಗಿ ಇಲ್ರಿ ಸಾಹೇಬರ. ನೀವ ಮಾಡಿದ ರೂಲು."

ಖರೇ. ನಾನೇ ಮಾಡಿದ್ದು. ಔಷಧ ಹೊರಗೆ ಹೋಗುವಂತಿಲ್ಲ, ಹೆಂಗಸು ಒಳಗೆ ಬರುವಂತಿಲ್ಲ. ನಾನು ಗೇಟಿನ ಈ ಕಡೆ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ನಿಂತೆ. ಮಾಲೀಕರನ್ನು ಕೇಳಬೇಕೇ? ಕೇಳಿ ಬೇಡ ಎಂದುಬಿಟ್ಟರೆ?

ನಮ್ಮ ಚರ್ಚೆ ಕೇಳಿ ಕೇಳಿ ಬೇಸತ್ತ ಮಲ್ಲವ್ವ ಗೇಟಿನ ಸರಳುಗಳ ನಡುವೆ ಭುಜದವರೆಗೂ ತೋಳು ತೂರಿಸಿದಳು.

"ಹಾಕ್ರಿ. ಹೊಳ್ಳಿ ಊರಿಗಿ ಹೋಗೂ ಬಸ್ ತಪ್ಪೀತು."

ವಾಚ್‌ಮನ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ತೋಳು ಹೊರಗಿನವರೇ? ಡಾಕ್ಟರು ಯಾರ ಮುಖವನ್ನೂ ನೋಡಲಿಲ್ಲ. "ಈಕಿಗೇ ಮೊದಲ ಹಾಕಬೇಕಾಗಿತ್ತು, ಹುಟ್ಟೂ ಕೂಸಿಗೂ ಇದ ಕಾವಲು" ಎನ್ನುತ್ತ ಚುಚ್ಚಿಯೇಬಿಟ್ಟರು. "ತಿಂಗಳ ಬಿಟ್ಟು ಇನ್ನೊಂದು ಹಾಕಸ್ಬೇಕವ್ವಾ, ಮರೀಬ್ಯಾಡ."

ಅಂದರೆ ಇನ್ನೊಮ್ಮೆ ಈ ಗೇಟು, ಈ ರೂಲು! ಆದರೆ ಶಿವಪ್ಪನಿಗೆ ಆ ಚಿಂತೆಯಿರಲಿಲ್ಲ. ಯಾರೂ ಕರೆಯದೆಯೇ ಅಂಗಿಯ ತೋಳು ಮಡಚಿಕೊಂಡು ಡಾಕ್ಟರ ಮುಂದೆ ಬಂದಿದ್ದ. ನಾನು ತುಂಬಿದ ಹುರುಪಿನಿಂದಲ್ಲ ಎಂಬುದಷ್ಟೇ ನನಗೆ ಖಾತ್ರಿ.

ಮಲ್ಲವ್ವ ತೋಳು ಹೊರಗೆಳೆದುಕೊಂಡು ಸೆರಗು ಸರಿಮಾಡಿಕೊಂಡಳು. ಡಾಕ್ಟರ ಬೆನ್ನ ಹಿಂದೆ ಸರಿಯುತ್ತಿದ್ದ ನನ್ನನ್ನು ನೋಡಿದಳು.

"ಅಣ್ಣಾರ, ನಿಮ್ದು ಆತೇನ್ರಿ?"

ಆಕೆಯ ತೋಳು ಬಸ್ಸು ಹಿಡಿದು, ಸರಳು ದಾಟಿ ಒಳಗೆ ಬಂದಿತ್ತು. ಒಳಗೇ ಇದ್ದ ನನ್ನ ತೋಳಿಗೆ ಯಾವ ಗೇಟು ಅಡ್ಡವಿತ್ತು?