ಗುಂಡು ತೂತಿನ ಟಿಕೆಟ್

ಬೀದಿಯವರು ಅವರನ್ನು ಚೆಕಿಂಗ್ ಸಾಹೇಬರು ಎನ್ನುತ್ತಿದ್ದರು. ನಿವೃತ್ತಿಯಾಗಿ ಆರು ವರ್ಷವಾದರೂ ಹೆಸರು ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಮೂವತ್ತಮೂರು ವರ್ಷ ಬಸ್ಸು ಹತ್ತಿ, ಬಾಗಿಲಿಗೆ ಅಡ್ಡ ನಿಂತು, ‘ಎಲ್ಲಾರೂ ಟಿಕೆಟ್ ತೋರ್ಸಿ’ ಎಂದ ಮನುಷ್ಯ. ಅಷ್ಟು ವರ್ಷಗಳಲ್ಲಿ ಅವರಿಗೆ ಒಂದು ವಿಷಯ ಚೆನ್ನಾಗಿ ಮನದಟ್ಟಾಗಿತ್ತು: ಕಿಟಕಿಯಾಚೆ ಮೋಡ ನೋಡುತ್ತ ಮೈಮರೆತವನ ಹತ್ತಿರ ಟಿಕೆಟ್ ಇರುವುದಿಲ್ಲ. ನಿವೃತ್ತಿಯ ಮೇಲೆ ಈ ಜ್ಞಾನವನ್ನು ಹಾಲಿನವನಿಗೂ, ಡಾಕ್ಟರಿಗೂ, ಎದುರುಮನೆ ಟೈಲರಿಗೂ ವಿಸ್ತರಿಸಿಕೊಂಡರು. ಯಾರಾದರೂ ನಕ್ಕು ನಮಸ್ಕಾರ ಹೇಳಿದರೆ ಮನೆಗೆ ಬಂದು ಚಿಲಕ ಸರಿಯಿದೆಯೇ ಎಂದು ನೋಡುತ್ತಿದ್ದರು. ಮದುವೆ ಆಗಲಿಲ್ಲ. ಬಂದ ಸಂಬಂಧಗಳಲ್ಲೆಲ್ಲ ಅವರಿಗೆ ಎಲ್ಲೋ ತಿದ್ದಿ ಬರೆದ ಗುರುತು ಕಾಣಿಸಿತ್ತು.

ಮನೆಯಲ್ಲಿ ಅವರ ಜೊತೆಗಿದ್ದವನು ತಮ್ಮ ಪುಟ್ಟ. ನಲವತ್ತಾರು ವರ್ಷದ ಪುಟ್ಟ. ಬುದ್ಧಿ ಹುಟ್ಟಿನಿಂದ ನಿಧಾನ. ಮಾತು ಎಣಿಸಿದರೆ ಇಪ್ಪತ್ತು. ಅದರಲ್ಲಿ ಹತ್ತು ಬಸ್ಸಿಗೆ ಸಂಬಂಧಿಸಿದ್ದು. ಚಿಕ್ಕಂದಿನಲ್ಲಿ ಊಟಕ್ಕೆ ಹಟ ಮಾಡುತ್ತಿದ್ದ ಅವನಿಗೆ ಅಣ್ಣ ಒಂದು ದಿನ ಕ್ಯಾಲೆಂಡರಿನ ಚೂರು ಹರಿದು, ಡ್ಯೂಟಿಯ ಇಕ್ಕಳದಿಂದ ತೂತು ಹೊಡೆದು, ‘ತಗೋ ಟಿಕೆಟ್, ಈಗ ಬಾಯಿ ತೆರಿ, ಬಸ್ಸು ಹೊರಡತ್ತೆ’ ಅಂದಿದ್ದರು. ಅಂದಿನಿಂದ ಇಂದಿನವರೆಗೆ ತೂತು ಬೀಳದೆ ಪುಟ್ಟನ ಬಾಯಿಗೆ ತುತ್ತು ಹೋದದ್ದಿಲ್ಲ. ಸಾಹೇಬರ ಇಕ್ಕಳದ ತೂತು ಮೂರು ಮೂಲೆಯದು. ಅದು ಇಲಾಖೆಯಲ್ಲಿ ತಪಾಸಣೆಯವರಿಗೆ ಮಾತ್ರ ಕೊಡುತ್ತಿದ್ದ ಆಕಾರ. ಪುಟ್ಟ ಉಸಿರಾಡುವುದು ಈ ಮೂರು ಮೂಲೆಯಿಂದಲೇ ಎಂದು ಸಾಹೇಬರು ನಂಬಿದ್ದರು. ನಾಲ್ಕು ಜನ ನಗಬಾರದೆಂದು ಹೊರಗೆ ಯಾರಿಗೂ ಹೇಳಿರಲಿಲ್ಲ.

ಊರಿಗೆ ಕೊರೊನಾ ಸೋಂಕು ಬಂತು. ಪುಟ್ಟ ಹಗಲು ಹೋಗುತ್ತಿದ್ದ ಕೇಂದ್ರ ಮುಚ್ಚಿತು. ಎರಡು ವಾರ ಒಬ್ಬರೇ ಅವನಿಗೆ ಸ್ನಾನ ಮಾಡಿಸಿದ ಸಾಹೇಬರ ಸೊಂಟ ಮೂರನೆಯ ವಾರ ರಾಜೀನಾಮೆ ಕೊಟ್ಟಿತು. ಅಂಗವಿಕಲರ ಮನೆಗಳಿಗೆ ಸಹಾಯಕರನ್ನು ಕಳಿಸುವ ಕಚೇರಿಯೊಂದಿತ್ತು. ಅಲ್ಲಿಂದ ಒಬ್ಬ ಹೆಂಗಸು ಬಂದಳು. ವಯಸ್ಸು ನಲವತ್ತರ ಆಸುಪಾಸು. ಬೆಳಗ್ಗೆ ಹತ್ತರಿಂದ ಒಂದರವರೆಗೆ ಪುಟ್ಟನ ಸ್ನಾನ, ಕೈಕಾಲಿನ ವ್ಯಾಯಾಮ, ಒಂದಿಷ್ಟು ಆಟ ಅವಳ ಕೆಲಸ. ಮಾಸ್ಕಿನಿಂದಾಗಿ ಮುಖ ಅರ್ಧವೇ ಕಾಣುತ್ತಿತ್ತು. ಇಡೀ ಮುಖ ಕಂಡವರನ್ನೇ ನಂಬದವರಿಗೆ ಅರ್ಧ ಮುಖ ಎಷ್ಟರ ಲೆಕ್ಕ?

ಮೊದಲ ದಿನವೇ ಬಾಗಿಲಲ್ಲಿ ತಪಾಸಣೆ ನಡೆಯಿತು. ಹಣೆಗೆ ಜ್ವರ ಅಳೆಯುವ ಪಿಸ್ತೂಲು ಹಿಡಿದರು.

“ಕಾರ್ಡ್ ತೋರ್ಸಿ. ಕೈ ತೋರ್ಸಿ. ಆ ಕಡೆ ತಿರುಗ್ಸಿ. ಇದಕ್ ಮೊದ್ಲು ಯಾರ್ ಮನೆಗ್ ಹೋಗಿದ್ರಿ?”

“ಎಲ್ಲಿಗೂ ಇಲ್ಲ ಅಣ್ಣಾ, ಮನೆಯಿಂದಾನೇ ಬಂದೆ.”

“ನಾನ್ ನಿಮಗ್ಯಾವ ಅಣ್ಣ?”

“ಪುಟ್ಟಣ್ಣಂಗೆ ಅಣ್ಣ ಅಂದ್ಮೇಲೆ ನಂಗೂ ಅಣ್ಣಾನೇ. ಚಿಕ್ಕಪ್ಪ ಅನ್ನೋಷ್ಟು ವಯಸ್ಸು ಕಾಣ್ಸಲ್ಲ ಬಿಡಿ.”

ಹೊಗಳಿಕೆ! ಸಾಹೇಬರು ಎಚ್ಚರಗೊಂಡರು. ಟಿಕೆಟ್ ಇಲ್ಲದವರೇ ಮೊದಲು ಹೊಗಳುವುದು. ಹೊರಗಿನ ಚೀಲ ಒಳಗೆ ಬರಕೂಡದೆಂದು ಅವಳ ಬಟ್ಟೆ ಚೀಲವನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿಸಿದರು.

ಮುಂದೆ ದಿನಕ್ಕೊಂದು ಅನುಮಾನ. ಸೋಪು ಬೇಗ ಸವೆಯುತ್ತಿದೆ, ಯಾಕೆ? ಬಚ್ಚಲಿನಲ್ಲಿ ಇಬ್ಬರೂ ನಗುತ್ತಾರೆ, ಸ್ನಾನದಲ್ಲಿ ನಗುವಂಥದ್ದೇನಿದೆ? ಸಾಹೇಬರು ಕೋಣೆಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲುತ್ತದೆ. ಎದುರುಮನೆ ಟೈಲರು ಮಹಡಿಯಿಂದ ಮಾಸ್ಕ್ ಹೊಲಿಯುತ್ತಲೇ ಕೇಳಿದ: “ಏನ್ ಸಾಹೇಬ್ರೆ, ಪುಟ್ಟ ಈಗೀಗ ಹಾಡು ಹೇಳ್ತಾನೆ?”

“ಅದೇ ಸ್ವಾಮಿ ನನಗೂ ಚಿಂತೆ,” ಎಂದರು ಸಾಹೇಬರು. “ಕಾರಣ ಇಲ್ದೆ ಯಾರೂ ಖುಷಿಯಾಗಿರಲ್ಲ.”

ಒಂದು ಶುಕ್ರವಾರ ಕಸದ ಬುಟ್ಟಿ ಖಾಲಿ ಮಾಡುವಾಗ ಕ್ಯಾಲೆಂಡರಿನ ಒಂದು ಚೂರು ಸಿಕ್ಕಿತು. ಅದರಲ್ಲೊಂದು ತೂತು. ಕನ್ನಡಕ ಏರಿಸಿ ಬೆಳಕಿಗೆ ಹಿಡಿದರು. ತೂತು ಗುಂಡಗಿತ್ತು!

ನಕಲಿ ಟಿಕೆಟ್. ಅವರ ಸೇವಾವಧಿಯಲ್ಲಿ ಇಂಥದ್ದು ಎರಡೇ ಸಲ ಸಿಕ್ಕಿತ್ತು. ಎರಡೂ ಸಲ ಪತ್ರಿಕೆಯಲ್ಲಿ ಹೆಸರು ಬಂದಿತ್ತು. ಈಗ ಸ್ವಂತ ಮನೆಯ ಕಸದ ಬುಟ್ಟಿಯಲ್ಲಿ! ಅಂದರೆ ಯಾರಿಗೂ ಗೊತ್ತಿರದ ಮನೆಯ ಗುಟ್ಟು ಅವಳಿಗೆ ಗೊತ್ತಾಗಿದೆ. ಬರೀ ಗೊತ್ತಾಗಿದ್ದಷ್ಟೇ ಅಲ್ಲ, ಎಲ್ಲಿಂದಲೋ ಬೇರೆ ಇಕ್ಕಳ ತಂದು, ತಮ್ಮ ಕಣ್ಣು ತಪ್ಪಿಸಿ ಪುಟ್ಟನಿಗೆ ಏನೋ ತಿನ್ನಿಸುತ್ತಿದ್ದಾಳೆ.

ಮರುದಿನ ಅವಳು ಬಚ್ಚಲಿನಲ್ಲಿದ್ದಾಗ ಸಾಹೇಬರು ಮೊಳೆಯ ಮೇಲಿನ ಚೀಲಕ್ಕೆ ಕೈ ಹಾಕಿದರು. ಮೊದಲು ಚೀಲಕ್ಕೆ ಸ್ಯಾನಿಟೈಸರ್ ಹೊಡೆದರು. ಪತ್ತೇದಾರಿಕೆಯಿಂದ ಸೋಂಕು ತಗುಲಬಾರದಲ್ಲ. ಒಳಗೆ ನೀರಿನ ಬಾಟಲಿ, ಒಂದು ಜೊತೆ ಬಟ್ಟೆ, ಒಂದು ನೋಟ್‌ಬುಕ್ಕು. ನೋಟ್‌ಬುಕ್ಕಿಗೂ ಹೊಡೆದರು. ಹಾಳೆಗಳು ಒದ್ದೆಯಾಗಿ ಅಂಟಿಕೊಂಡವು. ಬಿಡಿಸಿದಾಗ ತೆರೆದುಕೊಂಡ ಒಂದೇ ಪುಟ ಸಾಕಾಯಿತು:

‘ಅಣ್ಣ ಹನ್ನೆರಡರಿಂದ ಹನ್ನೆರಡೂವರೆ ಕುರ್ಚಿಯಲ್ಲೇ ನಿದ್ದೆ. ಮಲಗಿಲ್ಲ ಎನ್ನುತ್ತಾರೆ, ಗೊರಕೆ ಕೇಳಿಸುತ್ತದೆ. ಬೀಗದ ಕೈ ಕ್ಯಾಲೆಂಡರಿನ ಹಿಂದೆ, ಇನ್ನೊಂದು ಒಳಜೇಬಿನಲ್ಲಿ. ನೆಂಟರು ಯಾರೂ ಬರುವುದಿಲ್ಲ. ಗುಂಡು ತೂತು ಅಭ್ಯಾಸವಾಗುತ್ತಿದೆ. ಅಣ್ಣನಿಗೆ ಈಗಲೇ ಹೇಳುವುದು ಬೇಡ.’

ಕಳ್ಳತನದ ನಕ್ಷೆ ಬೇರೆ ಹೇಗಿರುತ್ತದೆ? ಎಲ್ಲಕ್ಕಿಂತ ಆ ಗೊರಕೆಯ ಆರೋಪ ಅವರನ್ನು ಕೆರಳಿಸಿತು. ಪುಸ್ತಕವನ್ನು ಸಾಕ್ಷಿಯಾಗಿ ವಶಪಡಿಸಿಕೊಂಡು ದಿಂಬಿನ ಕೆಳಗಿಟ್ಟರು.

ಹೊರಡುವಾಗ ಅವಳು ಚೀಲ ತಡಕಿದಳು. “ಅಣ್ಣಾ, ನನ್ನದೊಂದು ಪುಸ್ತಕ ಇತ್ತು. ನೋಡಿದ್ರಾ?”

“ಇಲ್ಲ,” ಎಂದರು ಸಾಹೇಬರು, ಕಿಟಕಿಯಾಚೆ ಮೋಡ ನೋಡುತ್ತ.

ಅವಳು ಬೀದಿಯ ತಿರುವು ದಾಟುವುದರೊಳಗೆ ಕಚೇರಿಗೆ ಫೋನು ಹೋಯಿತು.

“ಏನ್ ಕಳುವಾಗಿದೆ ಸರ್?” ಎಂದು ಅಲ್ಲಿನ ಮೇಲ್ವಿಚಾರಕಿ ಕೇಳಿದಳು.

“ಇನ್ನೂ ಏನೂ ಆಗಿಲ್ಲ. ಅಲ್ಲೇ ಇರೋದು ಅನುಮಾನ!”

“ಬೇರೆಯವರನ್ನ ಕಳಿಸ್ತೀವಿ ಸರ್. ಆದ್ರೆ ಪುಟ್ಟನ ವಿಷಯ ಎಲ್ಲಾ ಅವಳಿಗೇ ಗೊತ್ತಿರೋದು…”

“ಗೊತ್ತಾಗಿರೋದೇ ಜಾಸ್ತಿಯಾಗಿದೆ ತಾಯಿ, ಅದಕ್ಕೇ ಬೇಡ ಅಂತಿರೋದು.”

ಸೋಮವಾರ ಹೊಸಬ ಬಂದ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಕೊರಳಲ್ಲಿ ನಾಲ್ಕು ಗುರುತಿನ ಚೀಟಿ. ಸಾಹೇಬರಿಗೆ ಮನುಷ್ಯ ಬಹಳ ಹಿಡಿಸಿದ. ಪುಟ್ಟನಿಗೆ ಹಿಡಿಸಲಿಲ್ಲ. ಆ ಬಿಳಿ ಆಕೃತಿ ಕಂಡದ್ದೇ ಮಂಚದ ಕೆಳಗೆ ನುಗ್ಗಿ ಗೋಡೆಗೆ ಮುಖ ಮಾಡಿದ. ಹೊಸಬ ಹೋದ ಮೇಲೆ ಮೂರು ಮೂಲೆಯ ತೂತು ಹೊಡೆದು ಸಾಹೇಬರೇ ಊಟ ಮಾಡಿಸಿದರು. ನೋಡಿದಿರಾ, ನಾನಿಲ್ಲದೆ ನಡೆಯುವುದಿಲ್ಲ ಎಂದು ಒಳಗೊಳಗೇ ಬೀಗಿದರು.

ಮಂಗಳವಾರ ಬೆಳಗ್ಗೆ ಮೈ ಸುಡುತ್ತಿತ್ತು. ಜ್ವರದ ಪಿಸ್ತೂಲನ್ನು ಹಣೆಗಿಟ್ಟುಕೊಂಡರು, ಅಂಕಿಯನ್ನು ನಂಬಲಿಲ್ಲ. ಮೂರು ಸಲ ಇಟ್ಟರು. ಬೆಳಗ್ಗೆಯೇ ಬಂದು ಇಬ್ಬರ ಮೂಗಿಗೂ ಕಡ್ಡಿ ಹಾಕಿ ಹೋಗಿದ್ದ ಪರೀಕ್ಷೆಯವರು ಮಧ್ಯಾಹ್ನಕ್ಕೆ ಫೋನಿನಲ್ಲಿ ಪಾಸಿಟಿವ್ ಎಂದರು. “ಯಾರ್ದೋ ಜೊತೆ ಅದಲು ಬದಲಾಗಿರ್ಬೇಕು, ಸರಿಯಾಗ್ ನೋಡ್ರಿ,” ಎಂದು ಗದರಿದ್ದಕ್ಕೆ ಆ ಕಡೆಯಿಂದ ಫೋನು ಕಟ್ಟಾಯಿತು. ಪುಟ್ಟನ ಪರೀಕ್ಷೆಯಲ್ಲಿ ಏನೂ ಇರಲಿಲ್ಲ.

ಮೂರು ಗಂಟೆಗೆ ಆಂಬುಲೆನ್ಸ್ ಬಂದು ನಿಂತಿತು. ಪುಟ್ಟ ಮೂಗಿಗೆ ಕಡ್ಡಿ ಬಿದ್ದಾಗಿನಿಂದ ಮಂಚದ ಕೆಳಗೇ ಇದ್ದ, ನೀರೂ ಮುಟ್ಟಿರಲಿಲ್ಲ. ಸಾಹೇಬರು ತಮ್ಮ ಇಕ್ಕಳವನ್ನು ಚೆನ್ನಾಗಿ ಒರೆಸಿ, ಜೀವನದಲ್ಲಿ ಮೊದಲ ಬಾರಿಗೆ ಬೇರೆಯವರ ಕೈಗೆ ಕೊಟ್ಟರು. ಹೊಸಬ ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತು ‘ಟಿಕ್ ಟಿಕ್’ ಅನ್ನಿಸಿದ. ಮಂಚದ ಕೆಳಗಿನಿಂದ ಒಂದು ಚಪ್ಪಲಿ ಹಾರಿಬಂತು. ಹೊಸಬ ಎದ್ದು ಫಾರಂನಲ್ಲಿ ಬರೆದುಕೊಂಡ: ‘ಆಹಾರ ನಿರಾಕರಿಸಿದರು.’

ಮೇಲ್ವಿಚಾರಕಿ ಫೋನಿನಲ್ಲಿ ನಿಧಾನವಾಗಿ ಹೇಳಿದಳು: “ಸಂಜೆ ಒಳಗೆ ಏನೂ ತಿನ್ಲಿಲ್ಲಾಂದ್ರೆ ಅವನನ್ನ ದೊಡ್ಡ ಶಿಬಿರಕ್ಕೆ ಸೇರಿಸ್ಬೇಕಾಗತ್ತೆ ಸರ್. ಬೇರೆ ದಾರಿ ಇಲ್ಲ.”

ಆ ಶಿಬಿರದ ಬಗ್ಗೆ ಸಾಹೇಬರು ಕೇಳಿದ್ದರು. ಒಂದೇ ಹಜಾರ, ಅರವತ್ತು ಮಂಚ, ಎಲ್ಲರೂ ಬಿಳಿ ಉಡುಪಿನವರು. ಅಲ್ಲಿ ಪುಟ್ಟ ಯಾವ ಮಂಚದ ಕೆಳಗೆ ಹೋಗುತ್ತಾನೆ? ಅವನ ಟಿಕೆಟಿಗೆ ತೂತು ಯಾರು ಹೊಡೆಯುತ್ತಾರೆ?

ಆಂಬುಲೆನ್ಸಿನವನು ಹಾರ್ನ್ ಹೊಡೆದ. ಸಾಹೇಬರು ಕಂಬಕ್ಕೆ ಒರಗಿ ಆ ಹೆಂಗಸಿನ ನಂಬರು ಒತ್ತಿದರು.

“ಅಮ್ಮಾ… ನಿಮ್ಮ ಪುಸ್ತಕ ಸಿಕ್ತು.”

“ಹೌದಾ ಅಣ್ಣಾ? ಎಲ್ಲಿ?”

“ನನ್ನ ದಿಂಬಿನ್ ಕೆಳಗೆ.”

ಆ ಕಡೆ ಸದ್ದಿಲ್ಲ. ಸಾಹೇಬರು ಮೂವತ್ತಮೂರು ವರ್ಷಗಳಲ್ಲಿ ನೂರಾರು ಜನರನ್ನು ಇಂಥ ಮೌನದಲ್ಲಿ ನಿಲ್ಲಿಸಿ ಬೆವರಿಳಿಸಿದ್ದರು. ಈ ಸಲ ಬೆವರಿದವರು ಅವರೇ.

“ಪೂರ್ತಿ ಓದಿದ್ರಾ?” ಎಂದಳು ಕೊನೆಗೆ.

“ಒಂದ್ ಪುಟ.”

“ಉಳಿದಿದ್ದೂ ಓದ್ಬೇಕಿತ್ತು. ಮನೆಯವರಿಗೇ ಕಾಯಿಲೆ ಬಂದ್ರೆ ಇವರನ್ನ ನೋಡ್ಕೊಳ್ಳೋರು ಯಾರು, ಹೇಗೆ ಅಂತ ಪ್ರತಿಯೊಬ್ಬರದೂ ಬರೆದಿಡಿ ಅಂದಿದ್ರು ಕಚೇರಿಯಲ್ಲಿ. ನಿಮ್ಮ ಹತ್ರ ಎರಡು ಸಲ ಮಾತು ತೆಗ್ದೆ. ‘ನಂಗೇನಾಗತ್ತೆ?’ ಅಂತ ಪೇಪರ್ ಮುಖಕ್ಕೆ ಅಡ್ಡ ಹಿಡ್ಕೊಂಡ್ರಿ. ಪುಟ್ಟಣ್ಣ ಟಿಕೆಟ್ ಇಲ್ದೆ ಬಾಯಿ ತೆಗೆಯಲ್ಲ ಅಂತ ನೋಡ್ತಾ ನೋಡ್ತಾ ಗೊತ್ತಾಯ್ತು. ಅದಕ್ಕೇ ನಾನೇ ಒಂದು ಇಕ್ಕಳ ತಂದು, ಹನ್ನೊಂದು ಗಂಟೆ ಹಾಲಿಗೆ ದಿನಾ ಅಭ್ಯಾಸ ಮಾಡಿಸ್ದೆ. ನಿಮಗೆ ಹೇಳಿದ್ರೆ ಬೇಜಾರಾಗ್ತೀರಾ ಅಂತ ಹೇಳ್ಲಿಲ್ಲ.”

ಸಾಹೇಬರು ಒಳಜೇಬು ಮುಟ್ಟಿ ನೋಡಿಕೊಂಡರು. “ಮತ್ತೆ… ಬೀಗದ ಕೈ?”

“ನೀವು ಬಿದ್ರೆ ಬಾಗಿಲು ಯಾರು ತೆಗೀಬೇಕು ಅಣ್ಣಾ?”

ಸಾಹೇಬರು “ಬರ್ತೀರಾ?” ಎಂದು ಮಾತ್ರ ಕೇಳಿದರು.

ಅರ್ಧ ಗಂಟೆಯಲ್ಲಿ ಬಂದಳು. ಆಂಬುಲೆನ್ಸಿನವನನ್ನು ಅಷ್ಟು ಹೊತ್ತು ತಡೆದು ನಿಲ್ಲಿಸಿದ್ದು ಟೈಲರು. ಹೇಗೆಂದು ಸಾಹೇಬರಿಗೆ ಇವತ್ತಿಗೂ ಅನುಮಾನವಿದೆ. ಗಾಡಿಯ ಕಿಟಕಿಯಿಂದ ಅವರಿಗೆ ಮನೆಯ ಕೋಣೆ ಕಾಣುತ್ತಿತ್ತು. ಅವಳು ಮಂಚದ ಹತ್ತಿರ ನೆಲದ ಮೇಲೆ ಕೂತಳು. ಕರೆಯಲಿಲ್ಲ, ಬಗ್ಗಿ ನೋಡಲೂ ಇಲ್ಲ. ಗೋಡೆಯನ್ನು ನೋಡುತ್ತ, “ಬಸ್ ಹೊರಡತ್ತಪ್ಪಾ, ಕೊನೇ ಬಸ್ಸು,” ಎಂದಳು. ಸ್ವಲ್ಪ ಹೊತ್ತಿಗೆ ಮಂಚದ ಕೆಳಗಿನಿಂದ ಒಂದು ಕೈ, ಕೈಯಲ್ಲೊಂದು ಕ್ಯಾಲೆಂಡರಿನ ಚೂರು. ಟಿಕ್.

ಗುಂಡಗಿನ ತೂತು. ಪುಟ್ಟ ಅದನ್ನು ನೋಡಿ, ತೆವಳಿ ಹೊರಗೆ ಬಂದು ಬಾಯಿ ತೆರೆದ.

ಗಾಡಿ ಹೊರಟಿತು. ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಜೊತೆಗೆ ಎದೆಯಲ್ಲಿ ಏನೋ ಒಂದು ಚುಚ್ಚಿತು. ಅದಕ್ಕೆ ಮೂರು ಮೂಲೆಯಿತ್ತು.

ವಾರ್ಡಿನಲ್ಲಿ ಹದಿನಾರು ದಿನ. ಮಾತ್ರೆ ಅಸಲಿಯೇ ಎಂದು ದಿನವೂ ನರ್ಸನ್ನು ಕೇಳಿದರು. ಪಕ್ಕದ ಮಂಚದವನ ಕೆಮ್ಮು ನಾಟಕವಿರಬಹುದೆಂದು ಶಂಕಿಸಿದರು. ಪುಟ್ಟನ ಜೊತೆ ಮನೆಯಲ್ಲೇ ಉಳಿದಿದ್ದ ಅವಳಿಗೆ ದಿನಾ ಒಂದು ಗಂಟೆಗೆ ಫೋನು.

“ಊಟ ಮಾಡಿದ್ನಾ?”

“ಮಾಡಿದ ಅಣ್ಣಾ.”

“ನಂಬೋದ್ ಹೇಗೆ?”

ಕೂಡಲೇ ಫೋಟೋ ಬರುತ್ತಿತ್ತು: ಖಾಲಿ ತಟ್ಟೆ, ಅದರ ಪಕ್ಕ ಅವತ್ತಿನ ತಾರೀಖಿನ ಚೂರು, ನಡುವೆ ಗುಂಡು ತೂತು. ಸಾಹೇಬರು ಅದನ್ನು ದೊಡ್ಡದು ಮಾಡಿ ತಾರೀಖು ಪರೀಕ್ಷಿಸುತ್ತಿದ್ದರು.

ಮನೆಗೆ ಬಂದ ದಿನ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಬಾಗಿಲಲ್ಲಿ ಪುಟ್ಟ ಅಡ್ಡ ನಿಂತಿದ್ದ. ಅವನ ಹಿಂದೆ ಆ ಹೆಂಗಸು, ಕಣ್ಣಷ್ಟೇ ಕಾಣುವಂತೆ.

ಪುಟ್ಟ ಕೈ ಚಾಚಿದ. “ಟಿಕೆಟ್.”

“ನಾನೋ ಪುಟ್ಟಾ, ಅಣ್ಣ.”

“ಟಿಕೆಟ್!”

ಸಾಹೇಬರು ಆಸ್ಪತ್ರೆಯ ಬಿಡುಗಡೆ ಪತ್ರ ಕೊಟ್ಟರು. ಎರಡು ಸೀಲು, ದೊಡ್ಡ ಡಾಕ್ಟರ ಸಹಿ. ಪುಟ್ಟ ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ತೂತಿರಲಿಲ್ಲ. ಪತ್ರ ವಾಪಸ್ ಕೊಟ್ಟು, ಮೆಟ್ಟಿಲಿನ ಕಡೆ ಬೆರಳು ತೋರಿಸಿದ.

“ಇಳಿ.”

ಎದುರುಮನೆ ಮಹಡಿಯಲ್ಲಿ ಟೈಲರು ಕೆಮ್ಮಿದ. ಈ ಕೆಮ್ಮು ಮಾತ್ರ ಖಂಡಿತ ನಾಟಕ. ಸಾಹೇಬರು ಒಂದು ಮೆಟ್ಟಿಲು ಇಳಿದು ನಿಂತರು. ಜೇಬು ತಡಕಿದರು, ಇಕ್ಕಳ ಒಳಗೆ ಮನೆಯಲ್ಲಿ.

“ಏನಮ್ಮಾ, ನೋಡ್ತಾ ನಿಂತಿದೀರಲ್ಲ. ಒಂದು ತೂತು ಹೊಡೀರಿ ಇದಕ್ಕೆ!”

“ಹೊಡೀತೀನಿ ಅಣ್ಣಾ,” ಎಂದಳು ಅವಳು, ಜ್ವರದ ಪಿಸ್ತೂಲನ್ನು ಅವರ ಹಣೆಗೆ ಹಿಡಿಯುತ್ತ. “ಮೊದ್ಲು ಕೈ ತೋರ್ಸಿ. ಆ ಕಡೆ ತಿರುಗ್ಸಿ.”

ಸಾಹೇಬರು ಕೈ ತೋರಿಸಿದರು. ತಿರುಗಿಸಿಯೂ ತೋರಿಸಿದರು.