ಗುತ್ಯಮ್ಮನ ಮುಯ್ಯಾಳು

ಅರಳಸುರಳಿಯ ಗುತ್ಯಮ್ಮನನ್ನು ಕಂಡರೆ ಊರಿನ ಅರ್ಧ ಜನಕ್ಕೆ ಆಗುತ್ತಿರಲಿಲ್ಲ. ಸತ್ತವರ ವಿಷಯ ಕೆದಕುತ್ತಾಳೆಂದು ಮೂಗು ಮುರಿಯುತ್ತಿದ್ದರು. ಮುರಿದುಕೊಳ್ಳಲಿ, ಮೂಗು ಅವರದೇ. ನಾನು ಪಕ್ಕದ ಮನೆಯವಳು, ಕಂಡದ್ದನ್ನು ಹೇಳುತ್ತೇನೆ.

ನಮ್ಮಲ್ಲಿ ಭತ್ತದ ನಟ್ಟಿ ನಡೆಯುವುದು ಮುಯ್ಯಾಳಿನ ಮೇಲೆ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದೊಬ್ಬರು, ನಾಳೆ ನಮ್ಮದಕ್ಕೆ ನಿಮ್ಮ ಮನೆಯಿಂದೊಬ್ಬರು, ಕೂಲಿಯ ಮಾತಿಲ್ಲ. ಅರವತ್ತೆರಡರ ಮಳೆಗಾಲದಲ್ಲಿ ಗುತ್ಯಮ್ಮನ ತಮ್ಮ ಹೂವಪ್ಪ ಮಾತು ಬಿಟ್ಟಿದ್ದ. ಅನ್ನ ಕಲಸಿ ಹಾಗೇ ಎದ್ದುಬಿಡುತ್ತಿದ್ದ. ಅವನಿಗೆ ಆರಾಮವಾಗಲಿ ಎಂದು ಅಕ್ಕ ಮನೆಮನೆಗೂ ಹೋಗಿ, "ತಮ್ಮನ್ನ ಈ ವರ್ಷ ಕರೀಬೇಡಿ, ಅವನ ಬದ್ಲು ನಾನೇ ಬರ್ತೀನಿ" ಎಂದು ಹೇಳಿ ಬಂದಳು.

ಒಂದು ಬೆಳಿಗ್ಗೆ ಗದ್ದೆಗೆ ಹೊರಟವಳನ್ನು ಅವನು ಕೇಳಿದ. "ಅಕ್ಕಾ, ನನ್ನನ್ನ ಯಾರೂ ಕರೀಲಿಲ್ವಾ?"

"ನೀನು ಸುಮ್ನೆ ಮಲಗು ಮಾರಾಯ. ನೀನಿಲ್ದಿದ್ರೂ ಕೆಲ್ಸ ನಡೀತದೆ."

ಆ ವಾರವೇ ಅವನು ಜೀವ ತೆಗೆದುಕೊಂಡ. ಜ್ವರ ಬಂದು ಹೋದ ಎಂದು ಮನೆಯವರು ಹೇಳಿದರು. ಊರೂ ನಂಬಿದ ಹಾಗೆ ನಟಿಸಿತು.

ಒಂದು ಮಾತಿಗೆ ಯಾರೂ ಸಾಯುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಗುತ್ಯಮ್ಮ ಕೇಳಲಿಲ್ಲ. ನಾನೇ ಕೊಂದೆ ಎನ್ನುತ್ತಿದ್ದಳು. ತಮ್ಮನ ಹಿಂದೆಯೇ ಹೋಗುವ ಯೋಚನೆ ಅವಳಿಗೂ ಹತ್ತಿತ್ತು. ಕೊನೆಗೆ ಮುದುಕಿ ವೆಂಕಮ್ಮ ಬಂದು, "ನನ್ ಗದ್ದೆಗೆ ನೀನೇ ಬರ್ಬೇಕು" ಎಂದು ಕೈಹಿಡಿದು ಎಳೆದೊಯ್ದಳು. ಗುತ್ಯಮ್ಮ ಕೆಸರಲ್ಲಿ ನಿಂತು ದಿನವಿಡೀ ಅತ್ತಳು. ಸುಮ್ಮನಿರು ಎಂದು ಯಾರೂ ಅನ್ನಲಿಲ್ಲ. ಆಮೇಲೆ ಯಾವ ಮನೆಯಲ್ಲಿ ಯಾರು ಮೌನವಾದರೂ ಮುಯ್ಯಾಳು ಕೇಳುವ ನೆಪದಲ್ಲಿ ಗುತ್ಯಮ್ಮ ಅಲ್ಲಿ ಹಾಜರ್.

ಶರಾವತಿಯ ಅಣೆಕಟ್ಟಿನ ನೀರಲ್ಲಿ ತಮ್ಮ ಊರು ಮುಳುಗಿದ ಮೇಲೆ ದುಗ್ಗಮ್ಮ ಮತ್ತವಳ ಮಗ ಕನ್ನಪ್ಪ ನಮ್ಮ ಕಡೆ ಬಂದಿದ್ದರು. ಅರವತ್ತೇಳರಲ್ಲಿ ಅವನೂ ಮೂಲೆ ಹಿಡಿದ. ಗುತ್ಯಮ್ಮನ ಜೊತೆ ನಾನೂ ಹೋದೆ.

"ಅವ್ನಿಗೆ ಹುಷಾರಿಲ್ಲ, ಬದ್ಲಿಗೆ ನಾನು ಬರ್ತೀನಿ" ಎಂದಳು ದುಗ್ಗಮ್ಮ.

ಗುತ್ಯಮ್ಮ ಸಿಡಿದಳು. "ನಾನೂ ಹಿಂಗೇ ಅಂದಿದ್ದೆ ಕಣೇ! ನನ್ ತಮ್ಮ ಜ್ವರ ಬಂದು ಸಾಯ್ಲಿಲ್ಲ, ತಾನೇ ಸತ್ತ." ಆಮೇಲೆ ಕನ್ನಪ್ಪನ ಎದುರು ಕುಕ್ಕರಗಾಲಲ್ಲಿ ಕೂತು, "ಸಾಯ್ಬೇಕು ಅನ್ಸತ್ತೇನೋ?" ಎಂದಳು.

ಅವನು ತಲೆ ಎತ್ತಿ, "ಹೂಂ" ಅಂದ.

ಅವತ್ತಿನಿಂದ ಅವನನ್ನು ಒಂಟಿ ಬಿಡಲಿಲ್ಲ. ತಾಯಿ, ಗುತ್ಯಮ್ಮ, ನಾನು ಸರದಿ ಹಾಕಿಕೊಂಡೆವು. ತೀರ್ಥಹಳ್ಳಿಯ ಡಾಕ್ಟರಿಗೂ ತೋರಿಸಿದೆವು. ನಿಧಾನಕ್ಕೆ ಅವನು ಗದ್ದೆಗಿಳಿದ.

ನಟ್ಟಿ ಮುಗಿದ ದಿನ ಗುತ್ಯಮ್ಮ ಅಂಜುತ್ತಲೇ ಕೇಳಿದಳು. "ನೀನಿಲ್ದಿದ್ರೂ ನಡೀತದೆ ಅಂತ ನಿಂಗೆ ಯಾರಾದ್ರೂ ಅಂದಿದ್ರೆ?"

"ಎಂತ ಅಂದಿದ್ರೂ ಅಷ್ಟೇ ಗುತ್ಯಮ್ಮ. ಆ ಯೋಚ್ನೆ ಮೊದ್ಲೇ ಬಂದಾಗಿತ್ತು."

ಅವಳ ಮುಖ ಒಂದಿಷ್ಟು ಸಡಿಲವಾಯಿತು. ಅವನ ಮಾತು ಇನ್ನೂ ಮುಗಿದಿರಲಿಲ್ಲ.

"ಆದ್ರೆ ಯಾರಾದ್ರೂ ತಿಳ್ಕಳ್ಳಿ ಅಂತ ದಿನಾ ಕಾಯ್ತಿದ್ದೆ. ಅಮ್ಮನ ಹತ್ರ ಏನೇನೋ ಕೇಳ್ತಿದ್ದೆ, ಅದ್ರಲ್ಲಾದ್ರೂ ಗೊತ್ತಾಗ್ಲಿ ಅಂತ."

ಗುತ್ಯಮ್ಮ ಗದ್ದೆಯಂಚಿನ ಮೇಲೆ ಕುಸಿದಳು. "ಯಾರೂ ಕರೀಲಿಲ್ವಾ ಅಂತ ನೀನು ಕೇಳ್ದಾಗ ನಂಗೆ ತಿಳೀಲಿಲ್ವಲ್ಲೋ ಹೂವಾ" ಎಂದು ಎಲ್ಲರೆದುರು ಗೋಳೋ ಎಂದು ಅತ್ತಳು. ಕನ್ನಪ್ಪ ಅವಳ ಪಕ್ಕ ಕೂತ. ಕತ್ತಲಾಗುವವರೆಗೂ ಏಳಲಿಲ್ಲ.