ಉಮ್ಲುಜಿನಲ್ಲಿ ಉಗ್ಗಪ್ಪ ಕೇಳಿದ ಕರೆ

ಅರಬ್ ನಾಡಿನ ಉಮ್ಲುಜಿನ ಕಡಲು ನೋಡಿದವರು ಮೊದಲು ಫೋಟೊ ತೆಗೆಯುತ್ತಾರೆ, ಆಮೇಲೆ ಉಸಿರು ಬಿಡುತ್ತಾರೆ. ತಿಳಿನೀರು, ಬಿಳಿ ಮರಳಿನ ದಿಬ್ಬಗಳು, ದಂಡೆಯಲ್ಲಿ ಹವಳದ ಕಲ್ಲಿನ ಹಳೆ ಮನೆಗಳು. ಅವನ್ನು ಕಟ್ಟಿದವರೂ ಎಲ್ಲಿಂದಲೋ ಬಂದು ನೆಲೆಸಿದವರೇ. ತನ್ನ ಮುತ್ತಜ್ಜ ಆಚೆ ದಡದ ಈಜಿಪ್ಟಿನಿಂದ ಹಾಯಿದೋಣಿಯಲ್ಲಿ ಬಂದವನೆಂದು ಉಗ್ಗಪ್ಪ ನಡೆಸುವ ಪ್ರವಾಸಿ ದೋಣಿಯ ಯಜಮಾನ, ಅವನಿಗೆ ವೀಸಾ ಕೊಟ್ಟ ಕಫೀಲ್ ಅಬೂ ಸಾಲೆಂ, ಪ್ರವಾಸಿಗರಿಗೆಲ್ಲ ಹೇಳುವುದುಂಟು. "ನೀನೂ ಕಡಲು ತಂದು ಹಾಕಿದವನೇ" ಎಂದು ಉಗ್ಗಪ್ಪನ ಬೆನ್ನು ತಟ್ಟುತ್ತಿದ್ದ. ಮಲ್ಪೆಯ ಉಗ್ಗಪ್ಪ ಬಂದದ್ದು ವಿಮಾನದಲ್ಲಿ, ಆದರೆ ಅನ್ನ ಕೊಡುವವನಿಗೆ ಎದುರಾಡುವುದುಂಟೇ?

೨೦೧೫ರ ಒಂದು ಶುಕ್ರವಾರ. ತಬೂಕ್ ಪಟ್ಟಣದಿಂದ ಕಡಲು ನೋಡಲು ಬಂದಿದ್ದ ಉಳ್ಳಾಲದ ಮುನವ್ವರ್ ಮತ್ತು ಅವನ ಪುಟ್ಟ ಮಗಳು ಹನಾನಳನ್ನು ಕಡಲ ನಡುವಿನ ಮರಳ ದಿಬ್ಬದಲ್ಲಿ ಇಳಿಸಿ, ಅವರು ಜೆಟ್ಟಿಯಲ್ಲಿ ಮರೆತ ಬಿರಿಯಾನಿ ಡಬ್ಬ ತರಲು ಉಗ್ಗಪ್ಪ ಹಿಂದಿರುಗಿದ. ಅಷ್ಟರಲ್ಲಿ ಮರುಭೂಮಿಯ ಧೂಳು ಕಡಲಿಗೆ ಇಳಿಯಿತು. ಹಾಡಹಗಲೇ ದಿಕ್ಕು ಕಾಣದಾಯಿತು. ಗಾಳಿಗೆ ನೀರು ಉಬ್ಬುತ್ತಿತ್ತು. ಉಬ್ಬಿದರೆ ದಿಬ್ಬ ಮುಳುಗುತ್ತದೆಂದು ಅವನಿಗೆ ಗೊತ್ತು. ಮುನವ್ವರನಿಗೆ ಈಜು ಬಾರದೆಂದೂ ಗೊತ್ತು. ಫೋನಿಗೆ ಸಿಗ್ನಲ್ ಇಲ್ಲ.

ಅಂದಾಜಿನ ಮೇಲೆ ದಿಬ್ಬದ ಕಡೆಗೆ ವಾಪಸು ಬಂದು, ಎಂಜಿನ್ ಆರಿಸಿ ಕಿವಿಗೊಟ್ಟ.

"ಉಗ್ಗಪ್ಪಣ್ಣಾ!"

ಎಡಗಡೆಯಿಂದ ಒಂದೇ ಒಂದು ಕೂಗು. ಓ ಎನ್ನಲು ತೆರೆದ ಬಾಯಿ ಹಾಗೇ ನಿಂತಿತು. ಕಣ್ಣಿಗೆ ಕಾಣದವರು ಒಮ್ಮೆ ಕರೆದರೆ ಓಗೊಡಬಾರದು. ಸತ್ತವರ ಪ್ರೇತ, ಅಂದರೆ ಕುಲೆ, ಒಂದೇ ಸಲ ಕರೆಯುತ್ತದೆ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಕರಾವಳಿಯ ಮಕ್ಕಳು ಇದನ್ನು ಎದೆಹಾಲಿನೊಂದಿಗೇ ಕುಡಿದಿರುತ್ತಾರೆ. ಉಗ್ಗಪ್ಪ ಎರಡನೆಯ ಕರೆಗೆ ಕಾದ. ಬರಲಿಲ್ಲ. ಅಂದರೆ ಇಬ್ಬರೂ ಆಗಲೇ ಮುಳುಗಿಹೋದರೇ? ಮುಳುಗಿದವನೇ ಕರೆದನೇ? ಅಲ್ಲಿಂದ ಓಡಿಹೋಗಬೇಕೆನಿಸಿತು, ಸುಳ್ಳೇಕೆ.

ಕುಲೆಯಾದರೂ ಹೋಗಿ ನೋಡಬೇಕಲ್ಲ, ಇಳಿಸಿ ಹೋದವನು ತಾನೇ. ದೇವರನ್ನು ನೆನೆದು ದೋಣಿಯನ್ನು ಎಡಕ್ಕೆ ತಿರುಗಿಸಿದ.

ಎದೆಮಟ್ಟದ ನೀರಿನಲ್ಲಿ ಮುನವ್ವರ್ ನಿಂತಿದ್ದ, ಹೆಗಲ ಮೇಲೆ ಹನಾನ್. ಅವನ ಒಂದು ಕೈ ಮಗಳ ಬಾಯಿಯನ್ನು ಒತ್ತಿ ಹಿಡಿದಿತ್ತು. ಉಗ್ಗಪ್ಪ ಇಬ್ಬರನ್ನೂ ದೋಣಿಗೆ ಎಳೆದುಕೊಂಡ.

"ಇನ್ನೊಮ್ಮೆ ಕರೀಲಿಕ್ಕೆ ಎಂತ ಆಗಿತ್ತು ಮಾರಾಯ?"

"ಎಂಜಿನ್ ಸದ್ದು ಕೇಳಿ ಕರೆದೆ. ನೀವು ಓ ಅನ್ಲಿಲ್ಲ. ಹಾಗಾದ್ರೆ ಬಂದದ್ದು ನೀವಲ್ಲ, ಬೇರೆ ಎಂತದೋ ಅಂತ..." ಮುನವ್ವರನ ಹಲ್ಲು ಕಟಕಟ ಎನ್ನುತ್ತಿತ್ತು. "ಅದಕ್ಕೇ ಇವಳನ್ನೂ ಕೂಗ್ಲಿಕ್ಕೆ ಬಿಡ್ಲಿಲ್ಲ."

ಹನಾನ್ ಬಿಕ್ಕುತ್ತಾ ಅಂದಳು, "ಅಂಕಲ್, ನಂಗೆ ಹೆಗಲ ಮೇಲಿಂದ ಬೋಟ್ ಸ್ವಲ್ಪ ಸ್ವಲ್ಪ ಕಾಣ್ತಾ ಇತ್ತು. ಪಪ್ಪ ಹೇಳ್ಲಿಕ್ಕೇ ಬಿಡ್ಲಿಲ್ಲ."